ಸಾಕಿದ ಆಮೆಯ ಚಿಪ್ಪು ಉಬ್ಬಬಾರದು, ಕೊಳೆಯಬಾರದು: ಕರಾವಳಿಯವರಿಗೊಂದು ಮಾರ್ಗದರ್ಶಿ

"ಆಮೆ ಚಿಪ್ಪು ಗುಡ್ಡೆ ಗುಡ್ಡೆಯಾಗಿ ಏಳ್ತಾ ಇದೆ, ಏನು ಮಾಡ್ಬೇಕು?" "ಮಳೆಗಾಲದಲ್ಲಿ ಹೊಟ್ಟೆಯ ಕಡೆ ಬಿಳಿ ಕಲೆ ಬಂದಿದೆ, ಎಣ್ಣೆ ಹಚ್ಚಲಾ?" ಮಂಗಳೂರು, ಉಡುಪಿ ಕಡೆಯವರು ಈ ಎರಡು ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ. ಎರಡನೆಯದಕ್ಕೆ ಉತ್ತರ ಈಗಲೇ ಹೇಳುತ್ತೇನೆ: ಬೇಡ, ಎಣ್ಣೆ ಹಚ್ಚಬೇಡಿ. ಮೊದಲನೆಯದಕ್ಕೆ ಸ್ವಲ್ಪ ವಿವರವಾಗಿ ಹೇಳಬೇಕು.

ಆಮೆ ಸಾಕುವ ಬಗ್ಗೆ ಇರುವ ವಿಡಿಯೋ, ಪುಸ್ತಕಗಳಲ್ಲಿ ಹೆಚ್ಚಿನವು ಚಳಿ ದೇಶದವರು ಮಾಡಿದವು. ಅವರ ತೊಂದರೆ ಚಳಿ ಮತ್ತು ಹೀಟರ್ ಹಾಕಿ ಒಣಗಿದ ಕೋಣೆ. ನಮ್ಮ ಲೆಕ್ಕ ಬೇರೆ. ನಮಗೆ ವರ್ಷದಲ್ಲಿ ಎರಡು ಭಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಒದ್ದೆ, ಬಿಸಿಲೇ ಇಲ್ಲ. ಉಳಿದ ತಿಂಗಳುಗಳಲ್ಲಿ ಬೇಕಾದಷ್ಟು ಬಿಸಿಲು, ಬೇಸಗೆಯಲ್ಲಂತೂ ಜಾಸ್ತಿಯೇ. ಆದ್ದರಿಂದ ಇಲ್ಲಿ ಆಮೆಯ ಆರೈಕೆಯನ್ನು ಕ್ಯಾಲೆಂಡರ್ ನೋಡಿಕೊಂಡು ಬದಲಾಯಿಸಬೇಕು. ಜನವರಿಯಲ್ಲಿ ಸರಿಯಾದದ್ದು ಜುಲೈಯಲ್ಲಿ ತಪ್ಪಾಗುತ್ತದೆ.

ಇಲ್ಲಿ ಹೇಳುವುದು ನೆಲದ ಮೇಲೆ ಬದುಕುವ ಆಮೆಯ ವಿಷಯ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕೆನ್ನೆಯ ಮೇಲೆ ಕೆಂಪು ಪಟ್ಟೆ ಇರುವ ಪುಟ್ಟ ಹಸಿರು ಆಮೆ ನೀರಿನದ್ದು. ಅದರ ಕ್ರಮ ಪೂರ್ತಿ ಬೇರೆ.

ಮೊದಲು ಕಾನೂನು

ತೋಟದಲ್ಲಿ, ತೋಡಿನ ಬದಿಯಲ್ಲಿ, ಗದ್ದೆಯಲ್ಲಿ ಸಿಕ್ಕಿದ ಆಮೆಯನ್ನು ಸಾಕಬಹುದಾ? ಸಾಕಬಾರದು. ನಮ್ಮ ದೇಶದ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕದ್ದುಮುಚ್ಚಿ ಅತಿ ಹೆಚ್ಚು ಮಾರಾಟವಾಗುವ ನಕ್ಷತ್ರ ಆಮೆ 2022ರ ತಿದ್ದುಪಡಿಯ ನಂತರ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. "ವಾಸ್ತುವಿಗೆ ಒಳ್ಳೆಯದು", "ಮನೆಗೆ ದುಡ್ಡು ಬರುತ್ತದೆ" ಎಂದು ಯಾರೋ ತಂದುಕೊಟ್ಟರೂ ತೆಗೆದುಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. ಸುಮ್ನೆ ಕಾಡಿಗೆ ಬಿಟ್ಟು ಬರಬೇಡಿ. ನಕ್ಷತ್ರ ಆಮೆ ಒಣ ಕುರುಚಲು ಕಾಡಿನದ್ದು, ನಮ್ಮ ಮಳೆಕಾಡಿನಲ್ಲಿ ಅದು ಉಳಿಯುವುದು ಕಷ್ಟ. ರೋಗವಿದ್ದರೆ ಇಲ್ಲಿನ ಆಮೆಗಳಿಗೂ ಹಬ್ಬಬಹುದು.

ಇನ್ನೊಂದು ಮಾತು. ಬಾವಿ ಶುದ್ಧವಾಗಿರುತ್ತದೆ ಎಂದು ಕೆಲವರು ಬಾವಿಗೆ ಆಮೆ ಬಿಡುತ್ತಾರೆ. ನೆಲದ ಆಮೆಗೆ ಈಜು ಬರುವುದಿಲ್ಲ. ಅದು ಮುಳುಗಿ ಸಾಯುತ್ತದೆ.

ವಿದೇಶಿ ಜಾತಿಯ ನೆಲದ ಆಮೆ ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ನೆಲದ ಆಮೆಗಳ ಇಡೀ ಕುಟುಂಬವೇ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ ಅದು. ಹಾಗಾಗಿ "ಇದು ಫಾರಿನ್ ಆಮೆ, ಪೇಪರ್ ಬೇಡ" ಎಂದು ಮಾರುವವನು ಹೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಮರಿ ಹುಟ್ಟಿದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು.

ಯಾವ ಜಾತಿ

ವಿದೇಶಿ ನೆಲದ ಆಮೆಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಸಲ್ಕಾಟ. ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಆಮೆ. ಅಂಗೈಯಲ್ಲಿ ಹಿಡಿಸುವ ಮರಿ ಬೆಳೆದು 40-50 ಕಿಲೋ ದಾಟಬಹುದು. ನೆಲ ಅಗೆದು ಸುರಂಗ ಮಾಡುತ್ತದೆ. ಆಯಸ್ಸು 70 ವರ್ಷ ಮೀರಬಹುದು. ಅಂದರೆ ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂದು ಈಗಲೇ ಕೇಳಿಕೊಳ್ಳಬೇಕು. ಫ್ಲಾಟ್‌ನಲ್ಲಿರುವವರಿಗೆ ಇದು ಆಗದ ಮಾತು. ಎರಡನೆಯದು ದಕ್ಷಿಣ ಅಮೆರಿಕದ ಕೆಂಪುಕಾಲಿನ ಆಮೆ. ಸಾಮಾನ್ಯವಾಗಿ 30-35 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಸೆಕೆ, ತೇವ ಎರಡೂ ಅದಕ್ಕೆ ಹೊಂದುತ್ತದೆ. ನನ್ನನ್ನು ಕೇಳಿದರೆ ನಮ್ಮ ಹವೆಗೆ ಸಲ್ಕಾಟಕ್ಕಿಂತ ಇದೇ ವಾಸಿ. ಆದರೆ ಜಾಸ್ತಿ ಜನರ ಹತ್ತಿರ ಇರುವುದು ಸಲ್ಕಾಟ. ಆದ್ದರಿಂದ ಕೆಳಗಿನ ಹಂತಗಳನ್ನು ಅದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ.

ಚಿಪ್ಪು ಹಾಳಾಗುವುದು ಹೇಗೆ

ಚಿಪ್ಪು ಆಮೆ ಹೊತ್ತುಕೊಂಡ ಪೆಟ್ಟಿಗೆ ಅಲ್ಲ. ಅದು ಮೂಳೆ. ಬೆನ್ನೆಲುಬು, ಪಕ್ಕೆಲುಬು ಎಲ್ಲ ಅದರೊಳಗೆ ಬೆಸೆದುಕೊಂಡಿವೆ. ರಕ್ತ ಹರಿಯುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಮೂಳೆಯ ಮೇಲೆ ಕೆರಾಟಿನ್‌ನ ಹೊದಿಕೆ ಇದೆ. ಕೆರಾಟಿನ್ ಎಂದರೆ ನಮ್ಮ ಉಗುರು, ಕೂದಲುಗಳಲ್ಲಿರುವ ವಸ್ತು. ಈ ಹೊದಿಕೆ ಬಿಲ್ಲೆ ಬಿಲ್ಲೆಯಾಗಿ ಕಾಣುತ್ತದೆ. ಪ್ರತಿ ಬಿಲ್ಲೆಯೂ ತನ್ನ ಅಂಚಿನಲ್ಲಿ ಬೆಳೆಯುತ್ತದೆ. ಬೆಳೆಯುವ ಆಮೆಯಲ್ಲಿ ಬಿಲ್ಲೆಗಳ ನಡುವೆ ತಿಳಿ ಬಣ್ಣದ ಗೆರೆ ಕಂಡರೆ ಅದು ಹೊಸ ಬೆಳವಣಿಗೆ, ರೋಗವಲ್ಲ.

ನಮ್ಮಲ್ಲಿ ಕಾಣುವ ಮುಖ್ಯ ತೊಂದರೆಗಳು ಮೂರು.

ಒಂದು, ಗೋಪುರ ಏಳುವುದು. ಇಂಗ್ಲಿಷ್‌ನಲ್ಲಿ ಪಿರಮಿಡಿಂಗ್ ಎನ್ನುತ್ತಾರೆ. ಪ್ರತಿ ಬಿಲ್ಲೆಯೂ ಸಮತಟ್ಟಾಗಿ ಹರಡುವ ಬದಲು ಮೇಲಕ್ಕೆ ಉಬ್ಬುತ್ತದೆ. ಪ್ರೋಟೀನ್ ಜಾಸ್ತಿ ಆದದ್ದರಿಂದ ಹೀಗಾಗುತ್ತದೆ ಎಂದು ಬಹಳ ಕಾಲ ನಂಬಿದ್ದರು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಲ್ಕಾಟ ಮರಿಗಳನ್ನು ಒಣ ಮತ್ತು ತೇವದ ವಾತಾವರಣದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿ ನೋಡಿದರು. ಒಣ ವಾತಾವರಣದ ಮರಿಗಳಲ್ಲಿ ಉಬ್ಬು ಸ್ಪಷ್ಟವಾಗಿ ಜಾಸ್ತಿ ಇತ್ತು. ಪ್ರೋಟೀನ್‌ನ ಪಾತ್ರ ಸಣ್ಣದು. ಮರುಭೂಮಿಯ ಆಮೆಗೆ ತೇವ ಯಾಕೆ ಅಂತೀರಾ? ಪ್ರಕೃತಿಯಲ್ಲಿ ಅದರ ಮರಿ ದಿನದ ಹೆಚ್ಚು ಹೊತ್ತು ಬಿಲದೊಳಗೆ ಇರುತ್ತದೆ. ಬಿಲದ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ.

ಎರಡು, ಚಿಪ್ಪು ಮೆತ್ತಗಾಗುವುದು. ಕ್ಯಾಲ್ಸಿಯಂ ಸಾಲದಿದ್ದರೆ, ಅಥವಾ ಅದನ್ನು ಹೀರಿಕೊಳ್ಳಲು ಬೇಕಾದ ಡಿ3 ಜೀವಸತ್ವ ಇಲ್ಲದಿದ್ದರೆ, ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಚಿಪ್ಪು ಒತ್ತಿದರೆ ತಗ್ಗುತ್ತದೆ, ಆಕಾರ ಕೆಡುತ್ತದೆ, ಕಾಲಿಗೆ ಬಲ ಇರುವುದಿಲ್ಲ.

ಮೂರು, ಚಿಪ್ಪು ಕೊಳೆಯುವುದು. ಇದು ಬ್ಯಾಕ್ಟೀರಿಯಾ, ಶಿಲೀಂಧ್ರದ ಕೆಲಸ. ಒದ್ದೆ, ಕೊಳಕು ನೆಲದಲ್ಲಿ ದಿನಗಟ್ಟಲೆ ಕೂತ ಆಮೆಗೆ ಬರುತ್ತದೆ. ಕರಾವಳಿಯ ಮಳೆಗಾಲಕ್ಕೆ ಹೇಳಿ ಮಾಡಿಸಿದ ರೋಗ.

ಒಮ್ಮೆ ಎದ್ದ ಗೋಪುರ ಇಳಿಯುವುದಿಲ್ಲ. ಆರೈಕೆ ಸರಿಮಾಡಿದರೆ ಮುಂದಿನ ಬೆಳವಣಿಗೆ ನಯವಾಗಿ ಬರಬಹುದು, ಅಷ್ಟೇ. ಹಾಗಾಗಿ ಮೊದಲ ಎರಡು ಮೂರು ವರ್ಷವೇ ಮುಖ್ಯ.

ಬೇಕಾಗುವ ಸಾಮಾನು

ಅಗಲವಾದ ಮರದ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆ, ತೆಂಗಿನ ನಾರಿನ ಪುಡಿ (ನರ್ಸರಿಯಲ್ಲಿ ಕೋಕೋಪೀಟ್ ಎಂದು ಸಿಗುತ್ತದೆ), ಒಂದು ಚಪ್ಪಟೆ ಮುರಕಲ್ಲು, ಆಳವಿಲ್ಲದ ಮಣ್ಣಿನ ತಟ್ಟೆ, ತಾಪ ಮತ್ತು ತೇವಾಂಶ ಎರಡನ್ನೂ ತೋರಿಸುವ ಡಿಜಿಟಲ್ ಮೀಟರ್, ಅಡುಗೆಮನೆಯ ತಕ್ಕಡಿ. ಮಳೆಗಾಲಕ್ಕೆ ಯುವಿಬಿ ಟ್ಯೂಬ್ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ), ಬೆಳಕು ಕೊಡದ ಸೆರಾಮಿಕ್ ಹೀಟರ್, ಅದಕ್ಕೆ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಎಂದರೆ ಬಿಸಿ ಹೆಚ್ಚಾದಾಗ ತಾನೇ ಆಫ್ ಮಾಡುವ ಸಾಧನ. ಹಣ ಉಳಿಸುವುದಾದರೆ ಬೇರೆ ಎಲ್ಲಿಯಾದರೂ ಉಳಿಸಿ, ಮೀಟರ್ ಮತ್ತು ಥರ್ಮೋಸ್ಟಾಟ್‌ನಲ್ಲಿ ಬೇಡ.

ಹಂತ 1: ಗೂಡು

ಮರಿಗೆ ಕನಿಷ್ಠ 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಜಾಗ ಬೇಕು. ಗಾಜಿನ ಅಕ್ವೇರಿಯಂ ಬೇಡ. ಆಮೆಗೆ ಗಾಜು ಗೋಡೆ ಎಂದು ಅರ್ಥವಾಗುವುದಿಲ್ಲ, ದಿನವಿಡೀ ಅದಕ್ಕೆ ಮೂತಿ ತಿಕ್ಕುತ್ತಾ ನಿಲ್ಲುತ್ತದೆ. ಬಿಸಿಲಿಗೆ ಇಟ್ಟರೆ ಒಳಗೆ ಬೆಂದುಹೋಗುತ್ತದೆ.

ತಳಕ್ಕೆ ನಾರಿನ ಪುಡಿಯನ್ನು ಕೆಂಪುಮಣ್ಣಿನ ಜೊತೆ ಬೆರೆಸಿ 6-8 ಸೆಂ.ಮೀ. ದಪ್ಪಕ್ಕೆ ಹಾಸಿ. ಬರೀ ಮರಳು ಬೇಡ, ತಿಂಡಿಯ ಜೊತೆ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳುತ್ತದೆ. ಬರೀ ಟೈಲ್ಸ್ ನೆಲವೂ ಬೇಡ. ಕಾಲು ಜಾರಿ ಜಾರಿ ಅಗಲವಾಗುತ್ತದೆ. ಒಂದು ಮೂಲೆಯಲ್ಲಿ ಮಣ್ಣಿನ ಮಡಕೆಯನ್ನು ಅರ್ಧ ಸೀಳಿ ಕವುಚಿಟ್ಟರೆ ಅಡಗುತಾಣ ಆಯಿತು. ಮುರಕಲ್ಲಿನ ಮೇಲೆ ಸೊಪ್ಪು ಹಾಕಿ. ತಿನ್ನುವಾಗ ಕೊಕ್ಕು, ನಡೆಯುವಾಗ ಉಗುರು ಸವೆಯುತ್ತವೆ.

ದೊಡ್ಡ ಆಮೆಗೆ ಅಂಗಳವೇ ಬೇಕು. ಬೇಲಿ ಒಳಗಿನಿಂದ ಹೊರಗೆ ಕಾಣದಂತಿರಲಿ. ಬುಡ ಒಂದು ಅಡಿಯಾದರೂ ನೆಲದೊಳಗೆ ಇಳಿದಿರಲಿ. ಅತಿ ದೊಡ್ಡ ಅಪಾಯ ನಾಯಿ. "ನಮ್ಮ ನಾಯಿ ಏನೂ ಮಾಡಲ್ಲ" ಎನ್ನುವ ಮನೆಯಲ್ಲೇ ಚಿಪ್ಪು ಕಡಿಸಿಕೊಂಡ ಆಮೆಗಳು ಜಾಸ್ತಿ. ಮರಿಗೆ ಕಾಗೆ, ಹೆಗ್ಗಣ, ಮುಂಗುಸಿ, ಉಡ ಎಲ್ಲವೂ ಶತ್ರುಗಳೇ, ಮೇಲೆ ಬಲೆ ಕಡ್ಡಾಯ.

ಟೆರೇಸ್‌ನಲ್ಲಿ ಇಡುವವರು ಗಮನಿಸಿ. ನಮ್ಮಲ್ಲಿ ಮಳೆಗೆಂದು ತಾರಸಿಗೆ ಶೀಟ್ ಹಾಕಿಸಿರುತ್ತೇವೆ. ಏಪ್ರಿಲ್ ಮಧ್ಯಾಹ್ನ ಅದರಡಿ ಏನಾಗುತ್ತದೆ ಎಂದು ಬಟ್ಟೆ ಒಣಗಿಸಲು ಹೋದವರಿಗೆ ಗೊತ್ತು. ಅಲ್ಲಿ ಬಿಸಿಯೂ ಇದೆ, ಬಿಸಿಲೂ ಇಲ್ಲ. ಆಮೆಗೆ ಎರಡೂ ಕೆಟ್ಟದ್ದು.

ಹಂತ 2: ತೇವ ಬೇಕು, ಒದ್ದೆ ಬೇಡ

ಈ ಒಂದು ವ್ಯತ್ಯಾಸ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು. ಗಾಳಿಯಲ್ಲಿ ತೇವ ಇರಬೇಕು, ಹೊಟ್ಟೆಯ ಕೆಳಗಿನ ನೆಲ ಜವುಗಾಗಬಾರದು.

ಮರಿಗೆ ಗೂಡಿನೊಳಗೆ ತೇವಾಂಶ ಶೇ. 70-80 ಇರಲಿ. "ಮಂಗಳೂರಿನಲ್ಲಿ ತೇವಕ್ಕೆ ಏನು ಬರ" ಅಂತ ನಗಬೇಡಿ. ಏಸಿ ಕೋಣೆಯಲ್ಲಿ ಇಟ್ಟರೆ ಗಾಳಿ ಒಣಗುತ್ತದೆ. ಬಿಸಿ ಬಲ್ಬ್ ನೇರವಾಗಿ ಬೆನ್ನ ಮೇಲೆ ಇಳಿಬಿಟ್ಟರೆ ಕೋಣೆಯಲ್ಲಿ ಎಷ್ಟೇ ತೇವ ಇದ್ದರೂ ಚಿಪ್ಪಿನ ಮೇಲ್ಭಾಗ ಒಣಗುತ್ತದೆ. ಡಿಸೆಂಬರ್, ಜನವರಿಯ ಒಣಗಾಳಿಯ ದಿನಗಳಲ್ಲೂ ಹಾಗೇ. ಕರಾವಳಿಯಲ್ಲೂ ಗೋಪುರ ಏಳುವುದಕ್ಕೆ ಹೆಚ್ಚಾಗಿ ಈ ಮೂರರಲ್ಲಿ ಒಂದು ಕಾರಣ ಸಿಗುತ್ತದೆ.

ಮಾಡುವ ಕ್ರಮ ಹೀಗೆ. ನೀರನ್ನು ಮೇಲಿನಿಂದ ಚಿಮುಕಿಸುವ ಬದಲು ಪೆಟ್ಟಿಗೆಯ ನಾಲ್ಕು ಮೂಲೆಗಳಲ್ಲಿ ನಿಧಾನ ಸುರಿಯಿರಿ. ಅದು ತಳಕ್ಕೆ ಇಳಿಯುತ್ತದೆ. ಕೆಳಗಿನ ಪದರ ತೇವ, ಮೇಲಿನದು ಕೈಗೆ ಒಣಗಿದಂತೆ ಇರಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಪುಡಿ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಡಗುತಾಣದ ಒಳಗೆ ಉಳಿದ ಜಾಗಕ್ಕಿಂತ ಸ್ವಲ್ಪ ಜಾಸ್ತಿ ತೇವ ಇರಲಿ.

ದೊಡ್ಡದಾದ ಸಲ್ಕಾಟಕ್ಕೆ ಇಷ್ಟು ತೇವ ಬೇಡ. ಕೆಂಪುಕಾಲಿನದ್ದಕ್ಕೆ ಜೀವನಪೂರ್ತಿ ಬೇಕು.

ಹಂತ 3: ಬಿಸಿಲು

ಸೂರ್ಯನ ಬೆಳಕಿನಲ್ಲಿರುವ ಯುವಿಬಿ ಕಿರಣ, ಅಂದರೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣದ ಒಂದು ಭಾಗ, ಚರ್ಮಕ್ಕೆ ತಾಗಿದಾಗ ದೇಹದಲ್ಲಿ ಡಿ3 ತಯಾರಾಗುತ್ತದೆ. ಗಾಜು ಈ ಕಿರಣವನ್ನು ತಡೆಯುತ್ತದೆ. ಕಿಟಕಿಯ ಗಾಜಿನ ಹಿಂದೆ ಬಿಸಿಲು ಕಾಯಿಸಿದರೆ ಆಮೆಗೆ ಸಿಗುವುದು ಬಿಸಿ ಮಾತ್ರ. ತುಂಬ ಮನೆಗಳಲ್ಲಿ ನಡೆಯುವ ತಪ್ಪು ಇದು.

ಮಳೆ ಇಲ್ಲದ ತಿಂಗಳುಗಳಲ್ಲಿ ದುಡ್ಡು ಕೊಟ್ಟು ದೀಪ ತರುವ ಅಗತ್ಯವೇ ಇಲ್ಲ. ಬೆಳಿಗ್ಗೆ 8ರಿಂದ 10ರ ಒಳಗೆ ಅರ್ಧ ಗಂಟೆಯಿಂದ ಒಂದು ಗಂಟೆ ಅಂಗಳದಲ್ಲಿ ಬಿಡಿ. ಅರ್ಧ ಜಾಗ ನೆರಳಿರಲೇಬೇಕು. ಪ್ಲಾಸ್ಟಿಕ್ ಟಬ್‌ನಲ್ಲಿ ಹಾಕಿ ಬಿಸಿಲಿಗಿಟ್ಟು ಒಳಗೆ ಹೋಗಬೇಡಿ. ಸೂರ್ಯ ಸರಿದು ನೆರಳು ಮಾಯವಾಗುತ್ತದೆ. ಆಮೆ ಬೆವರುವುದಿಲ್ಲ, ಮೈ ತಂಪು ಮಾಡಿಕೊಳ್ಳಲು ಅದು ನೆರಳಿಗೆ ಹೋಗಲೇಬೇಕು. ಮಗುಚಿ ಬಿದ್ದರಂತೂ ಬಿಸಿಲಲ್ಲಿ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು.

ಗೂಡಿನೊಳಗೆ ಬಿಸಿ ಮೂಲೆ 32-35 ಡಿಗ್ರಿ, ತಂಪು ಮೂಲೆ 26-28 ಡಿಗ್ರಿ ಸೆಲ್ಸಿಯಸ್ ಇರಲಿ. ವರ್ಷದ ಬಹುಪಾಲು ಇದನ್ನು ನಮ್ಮ ಊರೇ ಕೊಡುತ್ತದೆ, ಅಲ್ವಾ?

ಹಂತ 4: ಊಟ

ಸಲ್ಕಾಟ ಹುಲ್ಲು ಮೇಯುವ ಪ್ರಾಣಿ. ಊಟದಲ್ಲಿ ಮುಕ್ಕಾಲು ಪಾಲು ಹುಲ್ಲೇ ಇರಬೇಕು. ಗರಿಕೆ, ಗಿನಿ ಹುಲ್ಲು, ಹಸು ಸಾಕುವವರ ಹತ್ತಿರ ಸಿಗುವ ಎಳೆ ನೇಪಿಯರ್, ಎಲ್ಲವೂ ಆಗುತ್ತದೆ. ಮರಿಗೆ ಸಣ್ಣಗೆ ಕತ್ತರಿಸಿ ಕೊಡಿ. ಬೇಸಗೆಯಲ್ಲಿ ಹಸಿ ಹುಲ್ಲು ಸಿಗದಿದ್ದರೆ ಮೊದಲೇ ಒಣಗಿಸಿಟ್ಟ ಹುಲ್ಲನ್ನು ನೀರಲ್ಲಿ ನೆನೆಸಿ ಕೊಡಬಹುದು. ಬೈಹುಲ್ಲು ಮಾತ್ರ ಬೇಡ, ಅದರಲ್ಲಿ ಸಾರ ಕಡಿಮೆ, ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟ್ ಇದೆ.

ಉಳಿದ ಕಾಲು ಪಾಲಿಗೆ ನಮ್ಮ ಹಿತ್ತಲೇ ಸಾಕು. ದಾಸವಾಳದ ಎಲೆ ಮತ್ತು ಹೂ ಅತ್ಯುತ್ತಮ. ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಸುಕಳ್ಳಿ, ಒಂದೆಲಗ ಅಂದರೆ ನಮ್ಮ ತಿಮರೆ, ಆಗಾಗ ಸ್ವಲ್ಪ ನುಗ್ಗೆಸೊಪ್ಪು. ಒಂದೇ ಸೊಪ್ಪನ್ನು ದಿನವೂ ಕೊಡಬೇಡಿ.

ಆಕ್ಸಲೇಟ್ ಜಾಸ್ತಿ ಇರುವ ಬಸಳೆ, ಪಾಲಕ್, ಹರಿವೆಗಳನ್ನು ಮುಖ್ಯ ಊಟ ಮಾಡಬೇಡಿ. ಹೊಟ್ಟೆಗೆ ಹೋದ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಆಕ್ಸಲೇಟ್ ಕಟ್ಟಿಹಾಕುತ್ತದೆ. ಕೆಸುವಿನ ಎಲೆ ಪತ್ರೊಡೆಗೆ ಸರಿ, ಆಮೆಗೆ ಯಾವತ್ತೂ ಬೇಡ. ಹಸಿ ಎಲೆಯ ಸೂಜಿಯಂಥ ಹರಳುಗಳು ಬಾಯಿ ಗಂಟಲು ಸುಡುತ್ತವೆ. ಕಣಗಿಲೆ, ದತ್ತೂರ, ಲಂಟಾನ ಆಮೆ ಓಡಾಡುವಲ್ಲಿ ಇರಲೇಬಾರದು.

ಅನ್ನ, ದೋಸೆ, ಬ್ರೆಡ್, ಹಾಲು, ಬಿಸ್ಕಿಟ್ ಯಾವುದೂ ಬೇಡ. ಬೂತಾಯಿ ತಲೆ, ನಾಯಿಯ ಆಹಾರವೂ ಬೇಡ. ಇವುಗಳಿಂದ ಮರಿ ಬೇಗ ದೊಡ್ಡದಾಗುತ್ತದೆ, ನೋಡಲು ಖುಷಿ. ಆದರೆ ಬೇಗ ಬೆಳೆದ ಚಿಪ್ಪು ಒಳ್ಳೆಯ ಚಿಪ್ಪಲ್ಲ. ಮೂತ್ರಪಿಂಡದ ಮೇಲೂ ಭಾರ. ಬಾಳೆಹಣ್ಣು, ಮಾವು, ಹಲಸು ಸಲ್ಕಾಟದ ಕರುಳಿಗೆ ಒಗ್ಗುವುದಿಲ್ಲ. ಕೆಂಪುಕಾಲಿನ ಆಮೆಗೆ ಹಣ್ಣು ಸ್ವಲ್ಪ ಕೊಡಬಹುದು, ಪಪ್ಪಾಯಿ ಒಳ್ಳೆಯದು. ಸೌತೆಕಾಯಿಯಲ್ಲಿ ನೀರು ಬಿಟ್ಟರೆ ಹೆಚ್ಚೇನಿಲ್ಲ. ಅದನ್ನೇ ತಿಂದು ಬೆಳೆದ ಆಮೆ ಹುಲ್ಲು ಮೂಸಿಯೂ ನೋಡುವುದಿಲ್ಲ.

ಹುಲ್ಲು ಎಲ್ಲಿಂದ ತರುತ್ತೀರಿ ಎಂಬುದೂ ಮುಖ್ಯ. ಅಡಿಕೆಗೆ ಮದ್ದು ಬಿಟ್ಟ ತೋಟದ ಹುಲ್ಲು ತರಬೇಡಿ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಅದು ತಾಮ್ರದ ಲವಣ. ರಸ್ತೆ ಬದಿಯಲ್ಲಿ ಕಳೆನಾಶಕ ಹೊಡೆದಿರಬಹುದು. ಸಂತೆಯ ಹೂಗಳಿಗೂ ಔಷಧಿ ಹೊಡೆದಿರುತ್ತಾರೆ. ಬಸವನಹುಳಕ್ಕೆ ವಿಷದ ಹರಳು ಹಾಕಿದ ಅಂಗಳಕ್ಕೆ ಆಮೆಯನ್ನು ಬಿಡಲೇಬೇಡಿ.

ಹಂತ 5: ಕ್ಯಾಲ್ಸಿಯಂ

ಆಹಾರದಲ್ಲಿ ರಂಜಕ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಕನಿಷ್ಠ ಎರಡು ಪಾಲು ಇರಬೇಕು. ರಂಜಕ ಜಾಸ್ತಿಯಾದರೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಹುಲ್ಲು, ದಾಸವಾಳ ತಿನ್ನುವ ಆಮೆಗೆ ಇದು ಹೆಚ್ಚುಕಡಿಮೆ ತಾನಾಗಿಯೇ ಸರಿಹೋಗುತ್ತದೆ. ಆದರೂ ಬೆಳೆಯುವ ಮರಿಗೆ ವಾರಕ್ಕೆ ಎರಡು ಮೂರು ಸಲ ಒಂದು ಚಿಟಿಕೆ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯನ್ನು ಸೊಪ್ಪಿನ ಮೇಲೆ ಉದುರಿಸಿ. ಚೆನ್ನಾಗಿ ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಸಿಪ್ಪೆಯೂ ಆಗುತ್ತದೆ.

ಕರಾವಳಿಯವರಿಗೆ ಒಂದು ಅನುಕೂಲ ಇದೆ. ಮಲ್ಪೆ, ಪಣಂಬೂರು, ತಣ್ಣೀರುಬಾವಿ ತೀರಗಳಲ್ಲಿ ದೋಣಿಯಾಕಾರದ ಬಿಳಿ ಹಗುರ ತುಂಡುಗಳು ಬಿದ್ದಿರುತ್ತವೆ, ನೋಡಿರುತ್ತೀರಿ. ಬೊಂಡಾಸ್‌ನ ಹತ್ತಿರದ ಸಂಬಂಧಿ ಕಟಲ್‌ಫಿಶ್‌ನ ಬೆನ್ನಿನ ಒಳಚಿಪ್ಪು ಅದು. ಹಳ್ಳಿಮದ್ದಿನಲ್ಲಿ ಸಮುದ್ರನೊರೆ ಎನ್ನುತ್ತಾರೆ. ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟೇ. ಕೆಲವು ದಿನ ಸಿಹಿನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ ಉಪ್ಪು ತೆಗೆಯಿರಿ. ಕುದಿಸಿ, ಒಣಗಿಸಿ, ಗೂಡಿನಲ್ಲಿ ಇಟ್ಟುಬಿಡಿ. ಬೇಕಾದಾಗ ಆಮೆಯೇ ಕಚ್ಚುತ್ತದೆ.

ಎಲೆಯಡಿಕೆಗೆ ಹಾಕುವ ಸುಣ್ಣ ಕೊಡಬೇಡಿ. "ಅದೂ ಕ್ಯಾಲ್ಸಿಯಂ ಅಲ್ವಾ" ಎಂದು ಕೇಳುತ್ತಾರೆ. ಸುಟ್ಟ ಸುಣ್ಣ ಬೇರೆ ವಸ್ತು, ಬಾಯಿ ಕರುಳು ಸುಡುತ್ತದೆ. ಮನುಷ್ಯರ ಡಿ3 ಮಾತ್ರೆ, ಹನಿಗಳನ್ನೂ ಅಂದಾಜಿನಲ್ಲಿ ಕೊಡಬೇಡಿ. ಬಿಸಿಲಿನಿಂದ ದೇಹ ತನಗೆ ಬೇಕಾದಷ್ಟೇ ಡಿ3 ಮಾಡಿಕೊಳ್ಳುತ್ತದೆ. ಬಾಯಿಂದ ಕೊಟ್ಟದ್ದು ಹೆಚ್ಚಾದರೆ ವಿಷವಾಗುತ್ತದೆ.

ಹಂತ 6: ಸ್ನಾನ

ಉಗುರುಬೆಚ್ಚಗಿನ ನೀರಲ್ಲಿ 15-20 ನಿಮಿಷ ಕೂರಿಸಿ. ಮೇಲಿನ ಮತ್ತು ಕೆಳಗಿನ ಚಿಪ್ಪು ಸೇರುವ ಜಾಗದವರೆಗೆ ಮಾತ್ರ ನೀರು, ತಲೆ ಸದಾ ಮೇಲೆ. ಮೊದಲ ವರ್ಷ ದಿನವೂ, ಆಮೇಲೆ ವಾರಕ್ಕೆ ಒಂದೆರಡು ಸಲ. ಕುಡಿಯುವುದು, ಹೊಟ್ಟೆ ಖಾಲಿ ಮಾಡುವುದು ಹೆಚ್ಚಾಗಿ ಈಗಲೇ. ಬಿಳಿ ಪೇಸ್ಟ್‌ನಂಥದ್ದು ಬಂದರೆ ಹೆದರಬೇಡಿ, ಅದು ಮೂತ್ರದ ಭಾಗ. ಮರಳಿನಂತೆ ತರಿತರಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಮುಗಿದ ಮೇಲೆ ಒರೆಸಿ ಬಿಡಿ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಆಮೆ ಆರೋಗ್ಯವಾಗಿ ಕಂಡರೂ ಅದರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅಡುಗೆಮನೆಯ ಸಿಂಕ್‌ನಲ್ಲಿ ಆಮೆ ತೊಳೆಯುವ ಅಭ್ಯಾಸ ಬಿಟ್ಟುಬಿಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ಹಂತ 7: ಮಳೆಗಾಲದ ಸಿದ್ಧತೆ

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು, ಕೆಲವೆಡೆ ಇನ್ನೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಆಮೆ ಕಳೆದುಕೊಳ್ಳುವವರು ಹೆಚ್ಚಾಗಿ ಕಳೆದುಕೊಳ್ಳುವುದು ಈಗಲೇ. ಮೇ ತಿಂಗಳ ಕೊನೆಯೊಳಗೆ ತಯಾರಿ ಮುಗಿದಿರಬೇಕು.

ರಾತ್ರಿಯ ಮನೆ ಮೊದಲು ನೋಡಿ. ನೆಲದಿಂದ ಎತ್ತರದಲ್ಲಿ, ಮೇಲಿನಿಂದ ಸೋರದ, ಕೆಳಗಿನಿಂದ ಶೀತ ಏರದ ಜಾಗ ಬೇಕು. ಸಿಮೆಂಟ್ ನೆಲದ ಮೇಲೆ ಗೋಣಿ ಹಾಸಿದರೆ ಸಾಲದು, ಒಂದೇ ದಿನದಲ್ಲಿ ಗೋಣಿಯೇ ಒದ್ದೆಯಾಗಿರುತ್ತದೆ. ಮರದ ಹಲಗೆಯ ಮೇಲೆ ಒಣಹುಲ್ಲು ಹಾಸಿ, ಎರಡು ದಿನಕ್ಕೊಮ್ಮೆ ಬದಲಿಸಿ.

ಬಿಸಿ. ನಮ್ಮ ಮಳೆಗಾಲದ ರಾತ್ರಿ ನಮಗೆ ಚಳಿ ಅಲ್ಲ. ಆದರೆ 23 ಡಿಗ್ರಿ ಮತ್ತು ಮೈ ಒದ್ದೆ, ಎರಡೂ ಸೇರಿದರೆ ಸಲ್ಕಾಟಕ್ಕೆ ಶ್ವಾಸಕೋಶದ ಸೋಂಕು ಬರಲು ಸಾಕು. ಸೆರಾಮಿಕ್ ಹೀಟರ್ ಅನ್ನು ಥರ್ಮೋಸ್ಟಾಟ್‌ಗೆ ಜೋಡಿಸಿ 26 ಡಿಗ್ರಿಗೆ ಇಡಿ. ಒಣಹುಲ್ಲು, ಪ್ಲಾಸ್ಟಿಕ್‌ನಿಂದ ಸಾಕಷ್ಟು ದೂರ, ತಂತಿಯ ಜಾಲರಿಯೊಳಗೆ ಇರಲಿ. ಗಾಳಿಮಳೆಗೆ ಕರೆಂಟ್ ಹೋಗುವುದು ಮಾಮೂಲು. ಇಡೀ ರಾತ್ರಿ ಹೀಟರ್ ನಡೆಸಲು ಮನೆಯ ಇನ್‌ವರ್ಟರ್ ಸಾಲದಿರಬಹುದು. ಅಂಥ ರಾತ್ರಿ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ, ಆಮೆಗೆ ದೂರ ಸರಿಯಲು ಜಾಗ ಬಿಟ್ಟು ಒಂದು ಬದಿಗೆ ಇಡಿ.

ಬೆಳಕು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಬೆಳೆಯುವ ಮರಿಗೆ ಈಗ ಯುವಿಬಿ ಟ್ಯೂಬ್ ಬೇಕು. ಉದ್ದನೆಯ ಟಿ5 ಟ್ಯೂಬ್ ತನ್ನಿ. ದಿನಕ್ಕೆ 10-12 ಗಂಟೆ ಉರಿಸಿ. ಎಷ್ಟು ಎತ್ತರದಲ್ಲಿ ಕಟ್ಟಬೇಕು ಎಂದು ಟ್ಯೂಬ್ ಬಂದ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಅದನ್ನೇ ಪಾಲಿಸಿ. ನಡುವೆ ಗಾಜು, ಪ್ಲಾಸ್ಟಿಕ್ ಶೀಟ್ ಇರಬಾರದು. ಟ್ಯೂಬ್ ಬೆಳಗುತ್ತಿದ್ದರೂ ಅದರ ಯುವಿಬಿ ಕಾಲಕ್ರಮದಲ್ಲಿ ಇಳಿಯುತ್ತದೆ. ಕಂಪನಿ ಹೇಳಿದ ಅವಧಿ, ಸಾಮಾನ್ಯವಾಗಿ 6ರಿಂದ 12 ತಿಂಗಳು, ಮುಗಿದ ಮೇಲೆ ಬದಲಿಸಿ. ನೀಲಿ, ನೇರಳೆ ಬಣ್ಣದ ಅಲಂಕಾರದ ಬಲ್ಬ್‌ಗಳಿಂದ ಏನೂ ಪ್ರಯೋಜನವಿಲ್ಲ. ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂತೆಂದರೆ ಕೈಲಿರುವ ಕೆಲಸ ಬಿಟ್ಟು ಆಮೆಯನ್ನು ಹೊರಗೆ ಬಿಡಿ.

ಕೊನೆಗೆ ಹೊಟ್ಟೆಯ ಚಿಪ್ಪು. ಮಳೆಗಾಲದಲ್ಲಿ ವಾರಕ್ಕೆರಡು ಸಲ ಆಮೆಯನ್ನು ನಿಧಾನ ಎತ್ತಿ ಕೆಳಭಾಗ ನೋಡಿ, ಮೂಸಿ. ಬಿಳಿ ಅಥವಾ ಗುಲಾಬಿ ಕಲೆ, ಮೆತ್ತಗಿನ ಜಾಗ, ಬಿಲ್ಲೆ ಏಳುವುದು, ಕೆಟ್ಟ ವಾಸನೆ, ಇವು ಕೊಳೆತದ ಲಕ್ಷಣ. ಕಂಡ ಕೂಡಲೇ ಒಣ ಜಾಗಕ್ಕೆ ಬದಲಿಸಿ. ನೀರಲ್ಲಿ ತೆಳುವಾಗಿ ಕಲಸಿದ ಪೋವಿಡೋನ್ ಅಯೋಡಿನ್‌ನಿಂದ ಒರೆಸಿ. ಇದು ಡಾಕ್ಟರ್ ಹತ್ತಿರ ಹೋಗುವವರೆಗಿನ ಉಪಾಯ ಮಾತ್ರ. ಮೂಳೆಗೆ ಇಳಿದ ಕೊಳೆತವನ್ನು ಮನೆಯಲ್ಲಿ ಕೆರೆದು ತೆಗೆಯಲು ಹೋಗಬೇಡಿ.

ತೆಂಗಿನೆಣ್ಣೆಯ ವಿಷಯ ಇಲ್ಲಿ ಮತ್ತೆ ಬರುತ್ತದೆ. ನಮಗೆ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು. ಚಿಪ್ಪು ಹೊಳೆಯುತ್ತದೆ ನಿಜ. ಆದರೆ ಎಣ್ಣೆಗೆ ಧೂಳು, ಮಣ್ಣು ಅಂಟಿ ಬಿಲ್ಲೆಗಳ ಸಂದಿಯಲ್ಲಿ ಕೂರುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರಲು ದಾರಿಯಾಗುತ್ತದೆ. ಗೋಪುರ ಏಳುವುದನ್ನಂತೂ ಅದು ತಡೆಯುವುದಿಲ್ಲ. ಬಣ್ಣ, ನೇಲ್ ಪಾಲಿಶ್, ಕಟ್ಟಿಹಾಕಲು ಚಿಪ್ಪಿಗೆ ತೂತು, ಇವು ಯಾವುವೂ ಬೇಡ. ತೂತು ಮಾಡುವುದು ಎಂದರೆ ಜೀವಂತ ಮೂಳೆ ಕೊರೆಯುವುದು.

ಹಂತ 8: ಅಳತೆ, ಫೋಟೊ

ತಿಂಗಳಿಗೊಮ್ಮೆ ತೂಕ ಮಾಡಿ. ಚಿಪ್ಪಿನ ಉದ್ದವನ್ನು ಬೆನ್ನಿನ ಉಬ್ಬಿನ ಮೇಲೆ ಟೇಪು ಎಳೆದು ಅಳೆಯಬೇಡಿ, ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ನೇರ ಅಳತೆ ತೆಗೆಯಿರಿ. ಮೇಲಿನಿಂದ ಒಂದು, ಬದಿಯಿಂದ ಒಂದು ಫೋಟೊ. ದಿನವೂ ನೋಡುವ ಕಣ್ಣಿಗೆ ಉಬ್ಬು ಏಳುವುದು ತಿಳಿಯುವುದಿಲ್ಲ, ಬದಿಯ ಫೋಟೊ ಜೋಡಿಸಿಟ್ಟರೆ ತಿಳಿಯುತ್ತದೆ. ಬಿಲ್ಲೆಗಳ ನಡುವಿನ ತಗ್ಗು ಆಳವಾಗುತ್ತಿದ್ದರೆ ಮೊದಲು ತೇವ, ಆಮೇಲೆ ಬಲ್ಬ್‌ನ ದೂರ, ಆಮೇಲೆ ಊಟ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣ ಎಂದು ಗೊತ್ತಾಗುವುದಿಲ್ಲ. ಒಂದು ವರ್ಷದೊಳಗಿನ ಮರಿಯ ಚಿಪ್ಪು ಒತ್ತಿದರೆ ಸ್ವಲ್ಪ ಮಣಿಯುವುದು ಸಹಜ. ದೊಡ್ಡದರಲ್ಲಿ ಹಾಗಾಗಬಾರದು.

ಡಾಕ್ಟರ್ ಹತ್ತಿರ ಯಾವಾಗ

ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಕಣ್ಣು ಊದಿ ಮುಚ್ಚಿಕೊಳ್ಳುವುದು, ಮೆತ್ತಗಾದ ಚಿಪ್ಪು, ಬಿರುಕು, ರಕ್ತ, ಬೆಚ್ಚಗಿಟ್ಟರೂ ಹಲವು ದಿನ ಊಟ ಬಿಡುವುದು: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ. ಆರೋಗ್ಯವಾಗಿದ್ದಾಗಲೇ ಫೋನು ಮಾಡಿ ಯಾರು ನೋಡುತ್ತಾರೆ ಎಂದು ತಿಳಿದಿಟ್ಟುಕೊಳ್ಳಿ. ಹೋಗುವಾಗ ಗಾಳಿಯಾಡುವ ಪೆಟ್ಟಿಗೆಗೆ ಬಟ್ಟೆ ಹಾಸಿ, ಬೈಕಿನಲ್ಲಾದರೆ ಗಾಳಿಮಳೆ ತಾಗದಂತೆ ಮುಚ್ಚಿ. ತೂಕದ ಪಟ್ಟಿ, ಫೋಟೊಗಳು, ಏನು ತಿನ್ನಿಸುತ್ತೀರಿ ಎಂಬ ವಿವರ, ನೋಂದಣಿಯ ಪ್ರತಿ ಜೊತೆಗಿರಲಿ.

ಹಸು, ನಾಯಿಗಳಿಗೆ ಹುಳ, ಉಣ್ಣಿಗೆಂದು ಕೊಡುವ ಐವರ್‌ಮೆಕ್ಟಿನ್ ಆಮೆಗೆ ಮಾರಕ. ಲಕ್ವ ಹೊಡೆದಂತಾಗಿ ಸಾಯುತ್ತದೆ. ಹಟ್ಟಿಗೆ ಬಂದ ಡಾಕ್ಟರ್ ಕೈಲಿ "ಹಾಗೇ ಇದಕ್ಕೂ ಒಂದು ಇಂಜೆಕ್ಷನ್" ಎಂದು ಹಾಕಿಸಬೇಡಿ. ಆಮೆಗೆ ಯಾವುದೇ ಮದ್ದು ಕೊಡುವ ಮೊದಲು ಅದರ ಹೆಸರು ಕೇಳಿ, ಬರೆದುಕೊಳ್ಳಿ.